ಹಂಪಿಗಿಂತ ಮೊದಲು ಇಲ್ಲೊಂದು ಕೋಗಳಿ ಇತ್ತು

ನಿಮ್ಮಲ್ಲಿ ಬಹಳಷ್ಟು ಜನ ಹಂಪಿ ನೋಡಿದ್ದೀರಿ. ನೋಡದಿದ್ದರೂ ಟಿವಿಯಲ್ಲಂತೂ ನೋಡಿರ್ತೀರಿ. ಕಲ್ಲಿನ ರಥ, ವಿರೂಪಾಕ್ಷನ ಗೋಪುರ, ಉಗ್ರನರಸಿಂಹ... ಜೇಬಿನಲ್ಲಿ ಹೊಸ ಐವತ್ತು ರೂಪಾಯಿ ನೋಟಿದ್ದರೆ ಹಿಂದೆ ತಿರುಗಿಸಿ, ಅಲ್ಲೂ ಅದೇ ಕಲ್ಲಿನ ರಥ. 2021ರ ಅಕ್ಟೋಬರ್ 2ರಂದು ಬಳ್ಳಾರಿಯನ್ನು ಒಡೆದು ಮಾಡಿದ ಹೊಸ ಜಿಲ್ಲೆಯ ಉದ್ಘಾಟನೆ ಆಯ್ತಲ್ಲ, ಅದಕ್ಕೂ ವಿಜಯನಗರ ಅಂತಲೇ ಹೆಸರು.

ಸರಿ, ಈಗೊಂದು ಪ್ರಶ್ನೆ. ಆ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ಒಂದು ಹೊಸಪೇಟೆ, ಹಂಪಿ ಇರುವುದು ಅಲ್ಲಿ. ಉಳಿದ ಐದು ಯಾವುವು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಅಲ್ಲಿನವರನ್ನು ಬಿಟ್ಟು ಬೇರೆಯವರು ಈ ಐದನ್ನೂ ಒಂದೇ ಉಸಿರಿಗೆ ಹೇಳಿದರೆ ದೊಡ್ಡ ಮಾತು. ಸುದ್ದಿಮನೆಗೆ ಈ ಊರುಗಳು ನೆನಪಾಗೋದು ವರ್ಷಕ್ಕೆ ನಾಲ್ಕೈದು ಸಲ. ಮೈಲಾರದ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿದಾಗ, ಕೊಟ್ಟೂರೇಶ್ವರನ ತೇರು ಎಳೆದಾಗ, ಗುಡೇಕೋಟೆ ಕಡೆ ಕರಡಿ ಕಾಣಿಸಿಕೊಂಡಾಗ, ಮಳೆ ಕೈಕೊಟ್ಟಾಗ. ಅಷ್ಟೇ. ನಡುವೆ ಉಳಿದ ಮುನ್ನೂರಚಿಲ್ಲರೆ ದಿನ ಈ ಐದು ತಾಲ್ಲೂಕು ನಮ್ಮ ಪರದೆಯ ಮೇಲೆ ಇರೋದೇ ಇಲ್ಲ. ಇದನ್ನು ನಾನು ಬೇರೆಯವರ ಮೇಲೆ ಹಾಕಿ ಹೇಳ್ತಿಲ್ಲ. ನಾವು ಸುದ್ದಿಯವರು, ಜನ ಎಲ್ಲಿ ನೋಡ್ತಾರೋ ಅಲ್ಲೇ ಕ್ಯಾಮೆರಾ ಇಡೋರು.

ಆದರೆ ಇತಿಹಾಸದ ಲೆಕ್ಕ ತೆಗೆದರೆ ಪರಿಸ್ಥಿತಿ ತಲೆಕೆಳಗು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆ 1336 ಅಂತ ಶಾಲೆಯಲ್ಲಿ ಓದಿದ್ದೀವಿ. ಆ ಹೊತ್ತಿಗೆ ಈ ಐದು ತಾಲ್ಲೂಕುಗಳ ದೇವಾಲಯಗಳು ಆಗಲೇ ಹಳೆಯವಾಗಿದ್ದವು. ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರನ ಗುಡಿ ಶುರುವಾದದ್ದು ರಾಷ್ಟ್ರಕೂಟರ ಕಾಲದಲ್ಲಿ, ಮುಂದುವರಿದದ್ದು ಕಲ್ಯಾಣ ಚಾಲುಕ್ಯರ ಮೊದಲ ದೊರೆ ಎರಡನೇ ತೈಲಪನ ಕಾಲದಲ್ಲಿ, ಅಂದರೆ ಸುಮಾರು 987ರಲ್ಲಿ. ಕೂಡ್ಲಿಗಿ–ಕೊಟ್ಟೂರು ಸೀಮೆಯ ಅಂಬಳಿಯ ಕಲ್ಲೇಶ್ವರ ಆರನೇ ವಿಕ್ರಮಾದಿತ್ಯನ ಕಾಲದ್ದು, ಸುಮಾರು 1083. ಹೂವಿನಹಡಗಲಿಯ ಕೇಶವ ದೇವಾಲಯ 1090ರದ್ದು, ಕಟ್ಟಿಸಿದ್ದು ರೆಬ್ಬಲದೇವಿ ಅನ್ನೋ ಹೆಣ್ಣುಮಗಳು. ಹಕ್ಕ-ಬುಕ್ಕರು ಹುಟ್ಟುವುದಕ್ಕೆ ಇನ್ನೂರು ವರ್ಷ ಬಾಕಿ ಇತ್ತು.

ಇನ್ನೂ ಹಿಂದೆ ಹೋಗ್ತೀರಾ? ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಒಂದು ತಾಮ್ರಪಟ ಸಿಕ್ಕಿದೆ. ಪಲ್ಲವ ದೊರೆ ಶಿವಸ್ಕಂದವರ್ಮ ಕಾಂಚೀಪುರದಿಂದ ಹೊರಡಿಸಿದ ಆಜ್ಞೆ ಅದು. ಭಾಷೆ ಪ್ರಾಕೃತ. ಕಾಲ ಸುಮಾರು ನಾಲ್ಕನೇ ಶತಮಾನ. ಅಂದರೆ ಕಂಚಿಯ ದೊರೆಯೊಬ್ಬ ತುಂಗಭದ್ರೆ ದಂಡೆಯ ಈ ಸೀಮೆಗೆ ಸರ್ಕಾರಿ ಆದೇಶ ಕಳಿಸುತ್ತಿದ್ದಾಗ, ವಿಜಯನಗರ ಅನ್ನೋ ಹೆಸರು ಬರೋದಕ್ಕೆ ಇನ್ನೂ ಸಾವಿರ ವರ್ಷ ಇತ್ತು.

ಇಷ್ಟೆಲ್ಲ ಊರುಗಳಲ್ಲಿ ನಾನಿವತ್ತು ಹೇಳಬೇಕೆಂದಿರೋದು ಒಂದೇ ಊರಿನ ಬಗ್ಗೆ. ಬಾಗಳಿಯಷ್ಟು ಹೆಸರಿಲ್ಲ, ಕುರುವತ್ತಿಯ ಮದನಿಕೆಯರಂಥ ಚೆಲುವಿನ ಶಿಲ್ಪಕ್ಕೂ ಪ್ರಸಿದ್ಧಿಯಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ. ಅಲ್ಲಿನ ಹಳೆಯ ಜೈನ ಬಸದಿ.

ಇವತ್ತು ಕೋಗಳಿ ಒಂದು ಹಳ್ಳಿ. ಸಾವಿರ ವರ್ಷದ ಹಿಂದೆ ಅದು ಒಂದು ಆಡಳಿತ ಕೇಂದ್ರ. ಶಾಸನಗಳಲ್ಲಿ "ಕೋಗಳಿ ಐನೂರು" ಅಂತ ಬರುತ್ತದೆ. ಆಗ ನಾಡುಗಳ ಹೆಸರಿನ ಮುಂದೆ ಸಂಖ್ಯೆ ಹಚ್ಚುವ ಪದ್ಧತಿ ಇತ್ತು: ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ, ನೊಳಂಬವಾಡಿ ಮೂವತ್ತೆರಡು ಸಾಸಿರ. ಆ ಸಂಖ್ಯೆ ಹಳ್ಳಿಗಳದ್ದೋ, ಆದಾಯದ್ದೋ ಅಂತ ವಿದ್ವಾಂಸರು ಇನ್ನೂ ವಾದ ಮಾಡ್ತಾರೆ. ನಮಗೆ ಅಷ್ಟು ಸಾಕು: ನೊಳಂಬವಾಡಿ ಅನ್ನೋ ದೊಡ್ಡ ಪ್ರಾಂತ್ಯದೊಳಗೆ ಕೋಗಳಿ ಒಂದು ಉಪವಿಭಾಗದ ತಲೆಯೂರು. ಇವತ್ತಿನ ಲೆಕ್ಕದಲ್ಲಿ ಎಸಿ ಆಫೀಸು ಇರುವ ಊರು ಅಂದುಕೊಳ್ಳಿ.

ಆ ಊರಿನ ಕಲ್ಲುಗಳು ಮೂರು ಸುದ್ದಿ ಹೇಳುತ್ತವೆ. ಸುದ್ದಿ ಅನ್ನೋ ಪದ ಬೇಕಂತಲೇ ಬಳಸ್ತಿದ್ದೀನಿ. ಶಾಸನ ಅಂದರೆ ಆ ಕಾಲದ ಅಧಿಕೃತ ಪ್ರಕಟಣೆ. ದಿನಾಂಕ ಇರುತ್ತದೆ, ಆಳುವ ದೊರೆಯ ಹೆಸರು ಇರುತ್ತದೆ, ಯಾರು ಯಾರಿಗೆ ಏನು ಕೊಟ್ಟರು ಅಂತ ಇರುತ್ತದೆ. ಕೊನೆಗೆ, ಇದನ್ನು ಅಳಿಸಿದವನಿಗೆ ಗತಿ ಏನು ಅನ್ನೋ ಎಚ್ಚರಿಕೆಯೂ ಇರುತ್ತದೆ.

ಮೊದಲ ಸುದ್ದಿ 992ನೇ ಇಸವಿಯದ್ದು. ದೊರೆ ಎರಡನೇ ತೈಲಪ. ರಾಷ್ಟ್ರಕೂಟರನ್ನು ಕೆಳಗಿಳಿಸಿ ಚಾಲುಕ್ಯರ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿದವನು. ಅವನು ಚೋಳರನ್ನು ಸೋಲಿಸಿ ನೂರೈವತ್ತು ಆನೆಗಳನ್ನು ಹಿಡಿದ ಅಂತ ಕೋಗಳಿಯ ಶಾಸನ ಸಾರುತ್ತದೆ. ಆಗ ಚೋಳ ಸಿಂಹಾಸನದಲ್ಲಿದ್ದವನು ಯಾರು ಗೊತ್ತಾ? ಒಂದನೇ ರಾಜರಾಜ. ತಂಜಾವೂರಿನ ದೊಡ್ಡ ಗುಡಿ ಕಟ್ಟಿಸಿದನಲ್ಲ, ಅವನೇ. ಸಿನಿಮಾದಲ್ಲಿ ನೋಡಿ ಚಪ್ಪಾಳೆ ಹೊಡೆದಿದ್ದೀವಿ. ಅವನ ಎದುರಾಳಿಯ ಗೆಲುವಿನ ಸುದ್ದಿ ಕೆತ್ತಿದ ಕಲ್ಲು ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ ಅಂದರೆ ನಮಗೆ ಗೊತ್ತಿಲ್ಲ. ಗೆದ್ದವರ ಶಾಸನ ಗೆದ್ದವರ ಮಾತನ್ನೇ ಹೇಳುತ್ತದೆ, ಅದು ಬೇರೆ ವಿಷಯ. ಆನೆ ನೂರೈವತ್ತೋ ಎಷ್ಟೋ! ಆದರೆ ಯುದ್ಧದ ಸುದ್ದಿ ಮುಟ್ಟಿಸಬೇಕಾದ ಊರುಗಳ ಪಟ್ಟಿಯಲ್ಲಿ ಕೋಗಳಿ ಇತ್ತು ಅನ್ನೋದು ಮುಖ್ಯ.

ಎರಡನೇ ಸುದ್ದಿ 1055ನೇ ಇಸವಿಯದ್ದು. ಇದರ ಹಿನ್ನೆಲೆ ಗಮನಿಸಿ. ಅದರ ಹಿಂದಿನ ವರ್ಷ, 1054ರಲ್ಲಿ, ಕೊಪ್ಪಂ ಎಂಬಲ್ಲಿ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನಿಗೂ ಚೋಳರಿಗೂ ಘೋರ ಕಾಳಗ ನಡೆದಿತ್ತು. ಚೋಳ ಚಕ್ರವರ್ತಿ ರಾಜಾಧಿರಾಜ ಆನೆಯ ಮೇಲೆ ಕೂತಲ್ಲೇ ಸತ್ತ. ದೊರೆ ಸತ್ತರೂ ಅವನ ತಮ್ಮ ಅಲ್ಲೇ ರಣರಂಗದಲ್ಲಿ ಪಟ್ಟ ಕಟ್ಟಿಕೊಂಡು ಸೈನ್ಯವನ್ನು ಕೂಡಿಸಿ ನಿಲ್ಲಿಸಿದ. ದಕ್ಷಿಣ ಭಾರತದ ಎರಡು ಅತಿ ದೊಡ್ಡ ಶಕ್ತಿಗಳು ಒಂದನ್ನೊಂದು ಸುಡುತ್ತಿದ್ದ ಕಾಲ.

ಅಂಥ ಹೊತ್ತಿನಲ್ಲಿ ಕೋಗಳಿಯ ಕಲ್ಲಿನ ಮೇಲೆ ಬರುವ ಸುದ್ದಿ ಏನು? ಇಂದ್ರಕೀರ್ತಿ ಎಂಬ ಜೈನ ಆಚಾರ್ಯ ಇಲ್ಲಿನ ಬಸದಿಗೆ ದಾನ ಕೊಟ್ಟ ಅನ್ನೋದು. ಸುತ್ತ ಯುದ್ಧದ ಹೊಗೆ, ನಡುವೆ ಒಬ್ಬ ವಿದ್ವಾಂಸ ಹಳೆಯ ಬಸದಿಯೊಂದರ ಖರ್ಚುವೆಚ್ಚದ ಬಗ್ಗೆ ಯೋಚನೆ ಮಾಡ್ತಿದ್ದಾನೆ. ಮತ್ತೆ ಆ ಶಾಸನ ಒಂದು ಮಾತು ಸೇರಿಸುತ್ತದೆ: ಈ ಬಸದಿಯನ್ನು ಕಟ್ಟಿಸಿದ್ದು ದುರ್ವಿನೀತ.

ಯಾರಿದು ದುರ್ವಿನೀತ? ಇತಿಹಾಸಕಾರರು ಈ ಹೆಸರನ್ನು ಗಂಗ ವಂಶದ ದೊರೆ ದುರ್ವಿನೀತನೊಂದಿಗೆ ಗುರುತಿಸುತ್ತಾರೆ. ಆರನೇ ಶತಮಾನದವನು. ಬರೀ ಕತ್ತಿ ಹಿಡಿದ ದೊರೆಯಲ್ಲ, ಬರಹಗಾರ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, ಒಂಬತ್ತನೇ ಶತಮಾನದ್ದು. ಅದು ತನಗಿಂತ ಹಿಂದಿನ ಕನ್ನಡ ಗದ್ಯ ಲೇಖಕರನ್ನು ಹೆಸರಿಸುವಾಗ ದುರ್ವಿನೀತನ ಹೆಸರೂ ಬರುತ್ತದೆ. ಅವನು ಗುಣಾಢ್ಯನ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದ, ಭಾರವಿಯ ಕಿರಾತಾರ್ಜುನೀಯದ ಹದಿನೈದನೇ ಸರ್ಗಕ್ಕೆ ವ್ಯಾಖ್ಯಾನ ಬರೆದ ಅಂತ ಗಂಗರ ಶಾಸನವೇ ಹೇಳುತ್ತದೆ. ಅವನು ಬರೆದದ್ದರಲ್ಲಿ ಇವತ್ತು ನಮ್ಮ ಕೈಯಲ್ಲಿರೋದು ಎಷ್ಟು? ಏನೂ ಇಲ್ಲ. ಒಂದು ಓಲೆಗರಿಯೂ ಇಲ್ಲ. ಕನ್ನಡದ ಮೊದಲ ಗದ್ಯಕಾರರಲ್ಲಿ ಒಬ್ಬನ ಪುಸ್ತಕ ಪೂರ್ತಿ ಕಳೆದುಹೋಗಿದೆ.

ಪುಸ್ತಕ ಹೋಯಿತು, ಆದರೆ ಅವನ ಹೆಸರು ಕೋಗಳಿಯ ಒಂದು ಕಲ್ಲಿನಲ್ಲಿ ಉಳಿಯಿತು.

ಇಲ್ಲಿ ಸುದ್ದಿಮನೆಯ ಒಂದು ಪಾಠ ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಕಲಿಸೋದು: ಮೂಲ ಯಾವುದು, ಅದು ಘಟನೆಗೆ ಎಷ್ಟು ಹತ್ತಿರ? ದುರ್ವಿನೀತ ಆರನೇ ಶತಮಾನದವನು. ಶಾಸನ 1055ರದ್ದು. ನಡುವೆ ಐನೂರು ವರ್ಷ. ಹಾಗಾಗಿ ಈ ಶಾಸನವನ್ನು ತೋರಿಸಿ, ಇಲ್ಲಿರುವ ಗೋಡೆ ಆರನೇ ಶತಮಾನದ್ದು ಅಂತ ಹೇಳಿದರೆ ತಪ್ಪು. ಕಟ್ಟಡಗಳು ಬೀಳುತ್ತವೆ, ಮತ್ತೆ ಕಟ್ಟುತ್ತಾರೆ, ಹೆಸರು ಮಾತ್ರ ಹಳೆಯದೇ ಇರುತ್ತದೆ. ಆ ಶಾಸನ ಖಚಿತವಾಗಿ ಹೇಳುವುದು ಇನ್ನೊಂದು ವಿಷಯ: 1055ರ ಕೋಗಳಿಯ ಜನ ತಮ್ಮ ಬಸದಿ ಬಹಳ ಹಳೆಯದು ಅಂತ ನಂಬಿದ್ದರು, ಅದರ ಮೂಲಕ್ಕೆ ಒಬ್ಬ ದೊರೆಯ ಹೆಸರನ್ನು ಉಳಿಸಿಕೊಂಡಿದ್ದರು. ಸಾವಿರ ವರ್ಷದ ಹಿಂದಿನವರಿಗೇ ಅದು ಪುರಾತನ ಸ್ಮಾರಕ! ನಾವು ಪರಂಪರೆ, ಹೆರಿಟೇಜ್ ಅಂತ ಈಗ ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡ್ತೀವಿ.

ಆ ಚಕ್ರವರ್ತಿ ಸೋಮೇಶ್ವರನ ಕೊನೆಯೂ ಇದೇ ಸೀಮೆಯಲ್ಲಿ ಆಯಿತು. ವಾಸಿಯಾಗದ ಜ್ವರ. 1068ರಲ್ಲಿ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಜಲಸಮಾಧಿಯಾದ. ಕಾಶ್ಮೀರದ ಕವಿ ಬಿಲ್ಹಣ ಇದನ್ನು ತನ್ನ ವಿಕ್ರಮಾಂಕದೇವಚರಿತದಲ್ಲಿ ವರ್ಣಿಸಿದ್ದಾನೆ. ಸೋಮೇಶ್ವರ ಶಿವಭಕ್ತ. ಅವನ ಆಳ್ವಿಕೆಯಲ್ಲಿ ಜೈನ ಬಸದಿಗೆ ದಾನ ಬಂತು, ಅದು ಅವನದೇ ಬಿರುದು ಹೊತ್ತ ಶಾಸನದಲ್ಲಿ ದಾಖಲಾಯಿತು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಮೂರನೇ ಸುದ್ದಿ 1276ರ ಆಸುಪಾಸಿನದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಆಗ ಹೊಯ್ಸಳ ರಾಜ್ಯ ಇಬ್ಭಾಗವಾಗಿತ್ತು. ಅಣ್ಣ ಮೂರನೇ ನರಸಿಂಹ ದೋರಸಮುದ್ರದಲ್ಲಿ, ತಮ್ಮ ರಾಮನಾಥ ತಮಿಳುನಾಡಿನ ಕಣ್ಣನೂರಿನಲ್ಲಿ. ಅಣ್ಣ-ತಮ್ಮಂದಿರ ಜಗಳ, ಮೇಲೆ ಉತ್ತರದಿಂದ ಸೇವುಣರ ದಂಡು. ಈ ರಾಮನಾಥನ ಹೆಸರಿನ ಶಾಸನಗಳು ಕೋಗಳಿಯಲ್ಲಿವೆ. ಅದರಲ್ಲಿ ದೊರೆಯ ದಾನ ದೊಡ್ಡ ವಿಷಯವೇ ಅಲ್ಲ. ಅದೊಂದು ಪಟ್ಟಿ. ಕೋಗಳಿಯ ಚೆನ್ನ ಪಾರ್ಶ್ವನಾಥನ ನಿತ್ಯ ಅಭಿಷೇಕಕ್ಕೆ ಅಂತ ಹೊನ್ನು ಕೊಟ್ಟ ಭಕ್ತರ ಪಟ್ಟಿ.

ಊರ ಗುಡಿಯ ಗೋಡೆ ಮೇಲೆ ನೀವು ನೋಡಿರ್ತೀರಿ: ಇಂಥವರ ಸ್ಮರಣಾರ್ಥ ಇಂಥವರ ಮಗ, ಟೈಲ್ಸ್ ಕೆಲಸಕ್ಕೆ ಐದು ಸಾವಿರ. ಫ್ಯಾನಿನ ರೆಕ್ಕೆ ಮೇಲೂ ದಾನಿಯ ಹೆಸರು ತಿರುಗುತ್ತಿರುತ್ತದೆ. ನಗಬೇಡಿ. ಏಳೂವರೆ ಶತಮಾನದ ಹಿಂದಿನ ಕೋಗಳಿಯ ಕಲ್ಲು ಅದರದ್ದೇ ಹಿರಿಯಜ್ಜ. ಆ ಕಾಲದಲ್ಲಿ ಇಂಥ ದತ್ತಿಗಳು ನಡೆಯುತ್ತಿದ್ದ ರೀತಿಯೂ ನಮಗೆ ಗೊತ್ತಿರುವಂಥದ್ದೇ. ಕೊಟ್ಟ ಹೊನ್ನನ್ನು ಖರ್ಚು ಮಾಡುವುದಿಲ್ಲ, ಅಸಲು ಹಾಗೇ ಇರುತ್ತದೆ. ಅದರ ಬಡ್ಡಿಯಲ್ಲಿ ಹಾಲು, ತುಪ್ಪ, ಹೂವು, ದೀಪದ ಎಣ್ಣೆ ನಡೆಯಬೇಕು. ಇವತ್ತಿನ ಭಾಷೆಯಲ್ಲಿ ಫಿಕ್ಸೆಡ್ ಡಿಪಾಸಿಟ್. ಗಡಿಯ ಮೇಲೆ ಎರಡು ಹೊಯ್ಸಳರು, ಒಬ್ಬ ಸೇವುಣ ಬಡಿದಾಡುತ್ತಿದ್ದಾಗ, ಊರಿನ ಜನ ರಾಜನನ್ನು ನೆಚ್ಚಿಕೊಂಡು ಕೂರಲಿಲ್ಲ. ತಾವೇ ದುಡ್ಡು ಹಾಕಿ ಬಸದಿಯ ದೀಪ ಆರದಂತೆ ನೋಡಿಕೊಂಡರು.

ಹಾಗಾದರೆ ದೀಪ ಆರಿದ್ದು ಯಾವಾಗ?

ಈ ಪ್ರಶ್ನೆಗೆ ಸಿನಿಮಾ ಥರದ ಉತ್ತರ ಎಲ್ಲರಿಗೂ ಬೇಕು. ಇಂಥ ದಿನ, ಇಂಥವರು ಬಂದರು, ಒಡೆದರು ಅಂತ ಹೇಳಿದರೆ ಟಿಆರ್‌ಪಿಗೂ ಒಳ್ಳೇದು. ಆದರೆ ಹಳ್ಳಿಯ ಗುಡಿಗಳು ಸಾಮಾನ್ಯವಾಗಿ ಹಾಗೆ ಸಾಯುವುದಿಲ್ಲ. ದಾನ ಕೊಡುವವರ ಮಕ್ಕಳು ಬೇರೆ ಊರಿಗೆ ಹೋಗ್ತಾರೆ, ಇಲ್ಲವೇ ಬೇರೆ ನಂಬಿಕೆಗೆ ಹೋಗ್ತಾರೆ. ವ್ಯಾಪಾರದ ದಾರಿ ತಿರುಗುತ್ತದೆ. ರಾಜಧಾನಿ ಬದಲಾಗುತ್ತದೆ. ದತ್ತಿಯ ಹೊಲ ಯಾರದೋ ಪಾಲಾಗುತ್ತದೆ. ಪೂಜೆ ದಿನಕ್ಕೊಂದು ಸಲ ಇದ್ದದ್ದು ಹಬ್ಬಕ್ಕೊಂದು ಸಲ ಆಗುತ್ತದೆ, ಆಮೇಲೆ ಅದೂ ನಿಲ್ಲುತ್ತದೆ.

ಈ ಸೀಮೆಯಲ್ಲಿ ಹನ್ನೆರಡನೇ ಶತಮಾನದ ಬಳಿಕ ಶರಣರ ದಾರಿ ಗಟ್ಟಿಯಾಯಿತು. ಕೊಟ್ಟೂರಿನ ಬಗ್ಗೆ ಹಳೆಯ ಗೆಜೆಟಿಯರುಗಳು ಒಂದು ಐತಿಹ್ಯ ದಾಖಲಿಸಿವೆ: ಕೊಟ್ಟೂರು ಬಸವೇಶ್ವರ ಬಂದಾಗ ಊರಲ್ಲಿ ಜೈನರು ಪ್ರಬಲರಾಗಿದ್ದರು, ಅವರನ್ನು ವಾದದಲ್ಲಿ ಗೆದ್ದು, ಅವರ ಮುಖ್ಯ ಬಸದಿಯಲ್ಲಿ ಲಿಂಗ ಪ್ರತಿಷ್ಠೆ ಮಾಡಿದರು, ಅದೇ ಇವತ್ತಿನ ಮೂರುಕಲ್ಲು ಮಠ ಅಂತ. ಐತಿಹ್ಯವನ್ನು ಐತಿಹ್ಯ ಅಂತಲೇ ಓದೋಣ. ಆದರೆ ಫಲಿತಾಂಶ ನೋಡಿ. ಮೂರುಕಲ್ಲು ಮಠ ಇವತ್ತಿಗೂ ಜೀವಂತ ಜಾಗ, ಜನ ಹೋಗಿ ಕೈಮುಗಿಯುತ್ತಾರೆ. ದೇವರು ಬದಲಾದ ಕಟ್ಟಡ ಉಳಿಯಿತು. ದೇವರೂ ಇಲ್ಲ, ಜನವೂ ಇಲ್ಲ ಅಂತಾದ ಕಟ್ಟಡಗಳು ಒಂದೊಂದಾಗಿ ಕುಸಿದವು. ಬಾಗಳಿ, ಕುರುವತ್ತಿ ಉಳಿದದ್ದರ ಗುಟ್ಟೂ ಇದರಲ್ಲೇ ಇದೆ.

ವಿಜಯನಗರದ ಅರಸರಿಗೆ ಈ ಸಮಸ್ಯೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 1368ರಲ್ಲಿ ಬುಕ್ಕರಾಯನ ಮುಂದೆ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮುಂತಾದ ಕಡೆಯ ಜೈನರು ದೂರು ತಂದರು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಅಂತ. ರಾಯ ಎರಡೂ ಕಡೆಯವರನ್ನು ಕೂರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಅಂತ ತೀರ್ಪು ಕೊಟ್ಟ. ಶ್ರವಣಬೆಳಗೊಳದಲ್ಲಿ ಆ ಶಾಸನ ಇದೆ. ಪಠ್ಯಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಶಾಸನ ಮುಂದೆ ದುಡ್ಡಿನ ಲೆಕ್ಕ ಹೇಳುತ್ತದೆ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಲ್ಲಿ ಬೆಳಗೊಳಕ್ಕೆ ಇಪ್ಪತ್ತು ಮಂದಿ ಕಾವಲುಗಾರರನ್ನು ಇಡಬೇಕು. ಮಿಕ್ಕಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು, ದುರಸ್ತಿ ಮಾಡಿಸಬೇಕು. ಇದರ ಉಸ್ತುವಾರಿ ತಿರುಮಲೆಯ ತಾತಯ್ಯ ಅನ್ನೋ ವೈಷ್ಣವ ಆಚಾರ್ಯರದ್ದು!

ಅಂದರೆ ಆರೂವರೆ ಶತಮಾನದ ಹಿಂದೆಯೇ ಪಾಳುಬಿದ್ದ ಗುಡಿಗಳಿಗೆ ನಿರ್ವಹಣಾ ನಿಧಿ ಇತ್ತು, ಕಾವಲುಗಾರರು ಇದ್ದರು, ಬೇರೆ ಮತದವರ ಮೇಲೆ ಅದರ ಹೊಣೆ ಇತ್ತು. ಬರೀ ಸೌಹಾರ್ದದ ಭಾಷಣ ಮಾಡಿ ಬುಕ್ಕರಾಯ ಎದ್ದು ಹೋಗಲಿಲ್ಲ. ಬಜೆಟ್ ಕೊಟ್ಟ.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಹಾಳುಗುಡಿ ನೋಡಿದಾಗ ಮೊದಲು ತಲೆಗೆ ಬರೋದು: ಇದು ಇಷ್ಟು ದಿನ ನಿಂತದ್ದು ಹೇಗೆ, ಬೀಳ್ತಿರೋದು ಯಾಕೆ? ಚಾಲುಕ್ಯರ ಕಾಲದ ಈ ಕಟ್ಟಡಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ. ಒಂದರ ಮೇಲೊಂದು ಕೂರಿಸಿದ್ದು, ತೂಕದಿಂದಲೇ ನಿಂತಿದ್ದು. ಕಲ್ಲಿನ ಸ್ವಭಾವ ಏನೆಂದರೆ ಅದು ಒತ್ತಡ ಎಷ್ಟು ಬೇಕಾದರೂ ತಾಳುತ್ತದೆ, ಬಾಗಿಸಿದರೆ ಮಾತ್ರ ಬಿರಿಯುತ್ತದೆ. ಕಂಬಗಳು ದೂರ ದೂರ ಇದ್ದರೆ ಮೇಲಿನ ತೊಲೆಗಲ್ಲು ನಡುವೆ ಬಾಗಿ ಒಡೆಯುತ್ತದೆ. ಅದಕ್ಕೇ ಒತ್ತೊತ್ತಾಗಿ ಕಂಬ. ಬಾಗಳಿಯ ಮಂಟಪದಲ್ಲಿ ಐವತ್ತು ಕಂಬ ನಿಲ್ಲಿಸಿದ್ದು ಅಂದಕ್ಕೆ ಮಾತ್ರ ಅಂದುಕೊಂಡಿದ್ದರೆ, ಅಲ್ಲಿ ಲೆಕ್ಕಾಚಾರವೂ ಇದೆ.

ಬಾದಾಮಿಯವರು ಮರಳುಗಲ್ಲಲ್ಲಿ ಕಟ್ಟಿದರು. ಕಲ್ಯಾಣದವರ ಕಾಲಕ್ಕೆ ಬಳಪದ ಕಲ್ಲು ಬಂತು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆಭರಣದಂಥ ಕೆತ್ತನೆ, ಕನ್ನಡಿಯಂತೆ ಹೊಳೆಯುವ ದುಂಡು ಕಂಬ ಸಾಧ್ಯವಾದದ್ದು ಈ ಕಲ್ಲಿನಿಂದ. ಹೊಯ್ಸಳರು ಬೇಲೂರು, ಹಳೇಬೀಡಿನಲ್ಲಿ ಬೆಳೆಸಿದ್ದು ಇದೇ ವಿದ್ಯೆಯನ್ನು. ಅಂದರೆ ಈಗ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಬೇಲೂರಿಗೆ ಹೋಗುವ ದಾರಿ ಹರಪನಹಳ್ಳಿ, ಹಡಗಲಿಯಂಥ ಊರುಗಳ ಮೂಲಕವೇ ಹಾದುಹೋಗಿದೆ.

ಇಂಥ ಕಟ್ಟಡಕ್ಕೆ ಶತ್ರುಗಳು ಮೂರು. ಒಂದು ನೀರು. ಮಾಡಿನ ಸಂದು ಬಿಟ್ಟರೆ ಮಳೆನೀರು ಒಳಗಿಳಿದು ತುಂಬುಮಣ್ಣನ್ನು ಕೊಚ್ಚುತ್ತದೆ. ಎರಡು ಅರಳಿ, ಆಲದ ಗಿಡ. ಹಕ್ಕಿ ಉದುರಿಸಿದ ಒಂದು ಬೀಜ ಸಂದಿನಲ್ಲಿ ಮೊಳೆತು, ಬೇರು ದಪ್ಪವಾಗುತ್ತಾ ಟನ್ನುಗಟ್ಟಲೆ ತೂಕದ ಕಲ್ಲನ್ನು ಜರುಗಿಸುತ್ತದೆ. ಚಿಕ್ಕದಿದ್ದಾಗ ಕಿತ್ತರೆ ಎರಡು ನಿಮಿಷದ ಕೆಲಸ. ಹತ್ತು ವರ್ಷ ಬಿಟ್ಟರೆ ಕ್ರೇನ್ ತರಿಸಬೇಕು. ಮೂರನೆಯದು ಮನುಷ್ಯ.

ಮನುಷ್ಯ ಅಂದರೆ ನಿಧಿಗಳ್ಳರು. ಉತ್ತರ ಕರ್ನಾಟಕ, ಮಧ್ಯ ಕರ್ನಾಟಕದ ಯಾವ ಪೊಲೀಸ್ ಠಾಣೆಯಲ್ಲಿ ಬೇಕಾದರೂ ವಿಚಾರಿಸಿ. ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಹಾರೆ, ಗುದ್ದಲಿ, ಈಗೀಗ ಮೆಟಲ್ ಡಿಟೆಕ್ಟರ್. ಪೀಠ ಎಬ್ಬಿಸಿ ಅಗೆಯುತ್ತಾರೆ, ಲಿಂಗ ಕೀಳುತ್ತಾರೆ, ಜಿನಮೂರ್ತಿಯ ಕೆಳಗೆ ಗುಂಡಿ ತೋಡುತ್ತಾರೆ. ಗಾರೆಯಿಲ್ಲದ ಕಟ್ಟಡದ ಬುಡದಲ್ಲಿ ಗುಂಡಿ ತೋಡಿದರೆ ಏನಾಗುತ್ತದೆ ಅನ್ನೋಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಇನ್ನು ಸಿಕ್ಕರೂ ಅದು ಅವರದ್ದಾಗುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯೇ ಇದೆ. ಆದರೆ ನನ್ನ ಸಿಟ್ಟು ಇನ್ನೊಂದಕ್ಕೆ. ಅವರು ಹುಡುಕುವ ಬಂಗಾರ ಮಣ್ಣಿನ ಕೆಳಗೆ ಇರೋದೇ ಇಲ್ಲ. 1276ರಲ್ಲಿ ಕೋಗಳಿಯ ಜನ ಕೊಟ್ಟ ಹೊನ್ನನ್ನು ಹೂತಿಡಲಿಲ್ಲ, ಅಭಿಷೇಕಕ್ಕೆ ಕೊಟ್ಟರು. ಉಳಿದಿರೋದು ಅದರ ರಸೀದಿ ಮಾತ್ರ, ಅಂದರೆ ಶಾಸನ. ಆ ಕಲ್ಲನ್ನೇ ಒಡೆದು ಪಕ್ಕಕ್ಕೆ ಎಸೆದರೆ?

ಈ ಶಾಸನಗಳು ನಮಗೆ ಓದಲು ಸಿಕ್ಕಿದ್ದರ ಹಿಂದೆ ಬೆವರು ಹರಿಸಿದವರಿದ್ದಾರೆ. ಬಳ್ಳಾರಿ ಸೀಮೆ 1800ರಿಂದ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನ ಪುರಾತತ್ತ್ವ ಅಧಿಕಾರಿ ಅಲೆಕ್ಸಾಂಡರ್ ರೀ ಇಲ್ಲಿನ ಹಳ್ಳಿಗಳಲ್ಲಿ ತಿರುಗಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ದೊಡ್ಡ ಪುಸ್ತಕವನ್ನೇ 1896ರಲ್ಲಿ ಹೊರತಂದರು. ಬಾಗಳಿ, ಮಾಗಳ, ಹಡಗಲಿ, ಕುರುವತ್ತಿ ಎಲ್ಲದರ ಅಳತೆ, ನಕ್ಷೆ ಅದರಲ್ಲಿವೆ. ಬಳ್ಳಾರಿ ಮುಂತಾದ ಕಡೆಯ ಕನ್ನಡ ಶಾಸನಗಳ ಪಾಠ 1939ರಲ್ಲಿ ದಕ್ಷಿಣ ಭಾರತ ಶಾಸನಗಳ ಒಂಬತ್ತನೇ ಸಂಪುಟವಾಗಿ ಬಂತು. ಸಂಪಾದಕರಲ್ಲಿ ಒಬ್ಬರು ಆರ್. ಶಾಮಾಶಾಸ್ತ್ರಿ. ಹೌದು, ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಓಲೆಗರಿಗಳಿಂದ ಎತ್ತಿ ಜಗತ್ತಿಗೆ ಕೊಟ್ಟ ಅದೇ ಶಾಮಾಶಾಸ್ತ್ರಿ. ಇನ್ನೊಬ್ಬರು ಎನ್. ಲಕ್ಷ್ಮೀನಾರಾಯಣ ರಾವ್.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಕಲ್ಲನ್ನು ತೊಳೆಯಬೇಕು. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಕಾಗದ ಕೂರುವಂತೆ ಮಾಡಬೇಕು. ಮೇಲೆ ಮಸಿ ಒತ್ತಬೇಕು. ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಮೂಡುತ್ತದೆ. ಬಿಸಿಲಲ್ಲಿ, ಧೂಳಲ್ಲಿ, ಹಾವು-ಚೇಳಿನ ಪಾಳುಗುಡಿಯೊಳಗೆ ಕೂತು ಮಾಡಿದ ಕೆಲಸ ಅದು. ಬಾಗಳಿ ಒಂದರಲ್ಲೇ ಮೂವತ್ತಾರು ಶಾಸನಗಳು ಸಿಕ್ಕಿವೆ. ಅವರು ಕಾಗದಕ್ಕೆ ಇಳಿಸದಿದ್ದರೆ ದುರ್ವಿನೀತ, ಇಂದ್ರಕೀರ್ತಿ, ಚೆನ್ನ ಪಾರ್ಶ್ವನಾಥ ಯಾವ ಹೆಸರೂ ಇವತ್ತು ನನ್ನ ಬಾಯಿಗೆ ಬರುತ್ತಿರಲಿಲ್ಲ.

ಈಗಿನ ಕಾಲಕ್ಕೆ ಬನ್ನಿ. ದೇಶದಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಸ್ವಲ್ಪ ಹೆಚ್ಚು. ಅಂಥವುಗಳ ಸುತ್ತ 100 ಮೀಟರ್‌ನಲ್ಲಿ ಕಟ್ಟಡ ಕಟ್ಟುವಂತಿಲ್ಲ, ಮುಂದಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಬಾಗಳಿಗೆ ಆ ರಕ್ಷಣೆ ಇದೆ. ರಾಜ್ಯ ಸರ್ಕಾರಕ್ಕೆ ತನ್ನದೇ 1961ರ ಕಾಯ್ದೆ ಇದೆ, ತನ್ನದೇ ಪಟ್ಟಿ ಇದೆ. ಆದರೆ ಒಂದೊಂದು ಹೋಬಳಿಯಲ್ಲೂ ವೀರಗಲ್ಲು, ಮಾಸ್ತಿಕಲ್ಲು, ಹಾಳುಗುಡಿ ಇರುವ ಈ ಸೀಮೆಯಲ್ಲಿ ಎಲ್ಲದಕ್ಕೂ ಕಾವಲುಗಾರ ನಿಲ್ಲಿಸುವುದು ಯಾವ ಸರ್ಕಾರದಿಂದಲೂ ಆಗದ ಮಾತು. ಇದನ್ನು ಒಪ್ಪಿಕೊಂಡೇ ಮಾತಾಡೋಣ.

ಹಾಗಂತ ದಾರಿ ಇಲ್ಲ ಅಂತಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಸರ್ಕಾರದ ಪುರಾತತ್ತ್ವ ಇಲಾಖೆ ಮತ್ತು ಊರವರು ಸೇರಿ ಖರ್ಚು ಹಂಚಿಕೊಂಡು ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಹಳೆಯ ದೇವಾಲಯಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಪ್ರತಿ ಕಲ್ಲಿಗೂ ನಂಬರ್ ಹಾಕಿ, ಬಿಚ್ಚಿ, ಅಡಿಪಾಯ ಸರಿಮಾಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸುವ ಕೆಲಸ. ಸ್ವಲ್ಪ ಯೋಚನೆ ಮಾಡಿ, ಊರವರ ವಂತಿಗೆ, ಮೇಲಿನವರ ಉಸ್ತುವಾರಿ... 1276ರ ಕೋಗಳಿಯ ಪಟ್ಟಿ, 1368ರ ಬುಕ್ಕರಾಯನ ಆಜ್ಞೆ, ಎರಡನ್ನೂ ಸೇರಿಸಿದರೆ ಆಗೋದು ಇದೇ ಅಲ್ವಾ?

ಇಲ್ಲೊಂದು ಕಿವಿಮಾತನ್ನೂ ಹೇಳಿಬಿಡ್ತೀನಿ. ಪ್ರೀತಿಯಿಂದ ಹಾಳಾದ ಗುಡಿಗಳ ಸಂಖ್ಯೆ ಕಡಿಮೆಯೇನಲ್ಲ. ಜೀರ್ಣೋದ್ಧಾರ ಅಂತ ಊರವರು ದುಡ್ಡು ಕೂಡಿಸಿ ಬಳಪದ ಕಲ್ಲಿಗೆ ಆಯಿಲ್ ಪೇಂಟ್ ಹೊಡೆಸುತ್ತಾರೆ. ಸಿಮೆಂಟ್ ಮೆತ್ತುತ್ತಾರೆ. ಶಾಸನದ ಕಲ್ಲನ್ನು ಮೆಟ್ಟಿಲು ಮಾಡಿ, ಅದರ ಮೇಲೆ ಗ್ರಾನೈಟ್ ಹಾಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಪೇಂಟಿನ ಕೆಳಗೆ ಹೋದ ಅಕ್ಷರ ಮತ್ತೆ ಬರಲ್ಲ. ಕೆಲಸ ಶುರು ಮಾಡುವ ಮುಂಚೆ ಇಲಾಖೆಗೆ ಒಂದು ಅರ್ಜಿ ಕೊಡಿ. ಕಮಲಾಪುರದಲ್ಲಿ ಪುರಾತತ್ತ್ವ ಇಲಾಖೆಯ ಕಚೇರಿ ಇದೆ, ಅದು ನಿಮ್ಮದೇ ಜಿಲ್ಲೆ.

ಕೊನೆಯದಾಗಿ ಚರ್ಚೆಗಳ ಬಗ್ಗೆ. ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಜನ ಕೂತು, ಈ ಜಾಗ ಮೊದಲು ಯಾರದ್ದಾಗಿತ್ತು ಅಂತ ಕೂಗಾಡೋದನ್ನು ನೀವು ನೋಡ್ತೀರಿ. ನಡೆಸಿಕೊಡುವವನು ನಾನೇ. ಆ ಪ್ರಶ್ನೆಯನ್ನು ಕೋಗಳಿಗೆ ಕೇಳಿ ನೋಡಿ. ಗಂಗ ದೊರೆಯ ಹೆಸರಿನ ಬಸದಿ, ಶಿವಭಕ್ತ ಚಾಲುಕ್ಯನ ಆಳ್ವಿಕೆ, ಜೈನ ಆಚಾರ್ಯನ ದಾನ, ತಮಿಳುನಾಡಿನಿಂದ ಆಳಿದ ಹೊಯ್ಸಳನ ಹೆಸರು, ಊರ ಭಕ್ತರ ಹೊನ್ನು. ಬರೆದ ಭಾಷೆ ಕನ್ನಡ. ಇವತ್ತು ಆ ಊರಿನಲ್ಲಿ ಬಾಳುತ್ತಿರುವ ಜನ ಯಾವ ದೇವರಿಗೆ ಕೈಮುಗಿದರೂ, ಆ ಕಲ್ಲುಗಳು ಅವರ ಊರಿನವು. ಅವರು ಕಾದರೆ ಉಳಿಯುತ್ತವೆ. ಕಾಯಬೇಕಾದರೆ ಅದರಲ್ಲಿ ಏನು ಬರೆದಿದೆ ಅಂತ ಮೊದಲು ಅವರ ಮಕ್ಕಳಿಗೆ ಗೊತ್ತಾಗಬೇಕು. ಒಂಬತ್ತನೇ ಸಂಪುಟದ ಆ ಪುಟಗಳನ್ನು ಹೊಸಗನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಆಯಾ ಊರಿನ ಶಾಲೆಯ ಗೋಡೆಗೆ ಹಾಕೋಕೆ ಎಷ್ಟು ಖರ್ಚಾಗುತ್ತದೆ? ಒಂದು ಸ್ವಾಗತ ಕಮಾನಿನ ಖರ್ಚೂ ಆಗಲ್ಲ.

ಮುಂದಿನ ಸಲ ಹಂಪಿಗೆ ಹೋಗುವವರಿಗೆ ನನ್ನದೊಂದು ವಿನಂತಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹಗರಿಬೊಮ್ಮನಹಳ್ಳಿ ಕಡೆ ತಿರುಗಿ. ಅಂಕಸಮುದ್ರದ ಹಕ್ಕಿಗಳನ್ನು ಹೇಗೂ ನೋಡ್ತೀರಿ, ಅದಕ್ಕೆ 2024ರಲ್ಲಿ ರಾಮ್ಸರ್ ಮನ್ನಣೆಯೂ ಬಂದಿದೆ. ಅಲ್ಲಿಂದ ಕೋಗಳಿಗೆ ಹೋಗಿ, ಊರವರನ್ನು ಕೇಳಿ ಬಸದಿ ನೋಡಿ, ಆಮೇಲೆ ಬಾಗಳಿ, ಕುರುವತ್ತಿ. ಗೋಡೆಯ ಸಂದಿನಲ್ಲಿ ಅರಳಿ ಸಸಿ ಕಂಡರೆ ನೀವೇ ಎಳೆಯೋಕೆ ಹೋಗಬೇಡಿ, ಕಲ್ಲೂ ಜೊತೆಗೆ ಬಂದೀತು. ಒಂದು ಫೋಟೋ ತೆಗೆದು ಗ್ರಾಮ ಪಂಚಾಯಿತಿಗೂ ಇಲಾಖೆಗೂ ಕಳಿಸಿ. ಉತ್ತರ ಬರದಿದ್ದರೆ ನಮಗೆ ಕಳಿಸಿ. ನಮ್ಮ ಕ್ಯಾಮೆರಾ ಆ ಕಡೆ ಬರೋಕೆ ಒಂದು ಕಾರಣ ಬೇಕು ನೋಡಿ, ಅದನ್ನು ನೀವೇ ಕೊಡಿ.